ಘೋಣಸಗಿಯ ಮದುವೆಗೆ ರಶಿಯಾದ ಗಿಟಾರು

ಟಿಕೋಟಾದಿಂದ ಬಬಲೇಶ್ವರದವರೆಗೆ ಯಾವ ಮೈಕಿನವನೂ ಕೇಳಿಸದ ಸಂಗೀತವನ್ನು ನಾನು ಕೇಳಿಸಿಯೇ ತೀರುತ್ತೇನೆ! ೧೯೭೮ರ ಮದುವೆ ಸೀಜನ್ನಿನಲ್ಲಿ ನಾನು, ಅಂದರೆ ಬಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯ ಮೈಕ್ ಸೆಟ್ಟಿನ ಅಬ್ದುಲಸಮದ, ಎದೆ ತಟ್ಟಿಕೊಂಡು ಮಾಡಿದ ಪ್ರತಿಜ್ಞೆ ಇದು. ಕೇಳಿದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ರಹಿಮಾಬಿ, ಇನ್ನೊಬ್ಬ ಚೌಕದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಅವಳ ಅಣ್ಣ ಅಮೀನಸಾಬ.

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವರ್ಷ ಹೊಸ ಸೆಟ್ ತಂದವನೊಬ್ಬ ನನಗೆ ಬರಬೇಕಾದ ಮದುವೆ ಕೆಲಸಗಳನ್ನೆಲ್ಲ ಕಸಿದುಕೊಂಡಿದ್ದ. ಈ ವರ್ಷವೂ ಹಾಗೇ ಆದರೆ ಸೆಟ್ ಮಾರಿ ತನ್ನ ಅಂಗಡಿಯಲ್ಲಿ ಬೆಲ್ಲ ತೂಗಲು ಬಾ ಎಂದು ಅಮೀನಸಾಬ ಹೇಳಿಬಿಟ್ಟಿದ್ದ. ರಹಿಮಾಬಿಯೂ ತಲೆಯಾಡಿಸಿದ್ದಳು. ಹದಿನೈದು ವರ್ಷ ಊರೂರಿಗೆ ಶಹನಾಯಿ ಕೇಳಿಸಿದ ನಾನು ಹೆಂಡತಿಯ ಅಣ್ಣನ ಎದುರು ತಕ್ಕಡಿ ಹಿಡಿದು ಕೂಡಬೇಕೇ? ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ, ಈ ಸಲ ನನಗೆ ಸಿಕ್ಕಿದ್ದ ಘೋಣಸಗಿಯ ಮಲಕಾಜಪ್ಪನ ಮಗಳ ಮದುವೆ. ಅಲ್ಲಿಗೆ ಸುತ್ತಲಿನ ಹತ್ತು ಹಳ್ಳಿಯ ಜನ ಬರುವವರಿದ್ದರು.

ಅದೇ ವಾರ ಚೌಕಕ್ಕೆ ರಶಿಯಾದ ಪುಸ್ತಕ ಮಾರುವ ವ್ಯಾನು ಬಂತು. ಹಾಳೆ ನುಣುಪು, ದರ ಅಗ್ಗ. ನಮ್ಮ ಜನ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಲು ಮುಗಿಬಿದ್ದು ಕೊಂಡರು. ನಾನೂ ಒಂದು ಪತ್ರಿಕೆ ತಂದೆ. ಬಿಚ್ಚಿ ನೋಡಿದರೆ ಹಾಳೆಗಳ ನಡುವೆ ಒಂದು ನೀಲಿ ಪ್ಲಾಸ್ಟಿಕ್ ಹಾಳೆ, ನಟ್ಟನಡುವೆ ತೂತು, ಮೇಲೆಲ್ಲ ಸಣ್ಣ ಗೆರೆ. ಅದು ಗ್ರಾಮಫೋನ್ ರಿಕಾರ್ಡು! ಪಕ್ಕದ ಪುಟದಲ್ಲಿ ಹೆಗಲವರೆಗೆ ಕೂದಲು ಬಿಟ್ಟ ನಾಲ್ವರು ಗಿಟಾರು ಹಿಡಿದು ನಿಂತಿದ್ದರು.

"ರಶಿಯಾದಾಗ ಹಜಾಮರು ಇಲ್ಲೇನ್ರಿ?" ಎಂದಳು ರಹಿಮಾಬಿ.

ಕಲೆಗೂ ಕ್ಷೌರಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ತಿಳಿಹೇಳಿ, ಮದುವೆಯ ಹಿಂದಿನ ದಿನ ಬೆಳಿಗ್ಗೆ ಬೀಗ ತೆಗೆದು ಆಂಪ್ಲಿಫೈಯರಿನ ಪೆಟ್ಟಿಗೆ ಜೋಡಿಸಿದೆ. ಹಾಳೆ ಜಾರದಂತೆ ಮೇಲೊಂದು ನಾಲ್ಕಾಣೆ ಇಟ್ಟು ಮುಳ್ಳು ಇಳಿಸಿದೆ.

ಗರ್‍ರ್‍ರ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಲಾರಿಯ ಗೇರು ಬೀಳದೆ ಕಿರುಗುಟ್ಟಿದ ಹಾಗೆ ಒಂದು ದನಿ, ಅದರ ಹಿಂದೆ ಡಬ್ಬ ಬಡಿದ ಹಾಗೆ ಇನ್ನೊಂದು. ಮೈಕಿನವನ ಕಿವಿಗೆ ಬಿದ್ದ ಅಂಥ ದನಿಗೆ ಒಂದೇ ಅರ್ಥ. ಯಂತ್ರ ಹೋಯಿತು! ನಾಳೆ ಮದುವೆ, ಇವತ್ತು ಆಂಪ್ಲಿಫೈಯರು ಕೆಟ್ಟಿದೆ.

"ಶಹನಾಯಿ ರಿಕಾರ್ಡ್ ಹಚ್ಚಿ ನೋಡ್ರಿ ಒಂದೀಟ," ಎಂದಳು ಅವಳು.

"ಹದಿನೈದು ವರ್ಷ ಇದರಾಗ ಕೈ ಆಡಸೇನಿ. ನನಗ ಕಲಸಾಕ ಬರಬ್ಯಾಡ. ನನ್ನ ಸಾಮಾನ ಮುಟ್ಟಬ್ಯಾಡ," ಎಂದೆ.

ಅವಳು ರೊಟ್ಟಿ ಬಡಿಯಲು ಹೋದಳು. ನಾನು ಯಂತ್ರದ ಹೊಟ್ಟೆ ಬಗೆದೆ. ವಾಲ್ವು ಬದಲಿಸಿದೆ, ಗರ್‍ರ್. ತಂತಿಗೆ ಹೊಸ ಬೆಸುಗೆ ಹಾಕಿದೆ, ಗರ್‍ರ್. ಹಾರ್ನಿನ ಗಂಟಲು ತೊಳೆದೆ, ಗರ್‍ರ್! ಪಕ್ಕದ ಮನೆಯ ಪೀರಾಂಬಿ ಗೋಡೆಯಾಚೆಯಿಂದ, ಯಾರಿಗೆ ಹೊಟ್ಟೆನೋವು ಎಂದು ವಿಚಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ಆಂಪ್ಲಿಫೈಯರಿನ ಸಕಲ ಅಂಗಾಂಗಗಳೂ ಜಮಖಾನೆಯ ಮೇಲೆ ಮಲಗಿದ್ದವು. ನನ್ನ ಕಣ್ಣೆದುರು ತಕ್ಕಡಿ ತೂಗುತ್ತಿತ್ತು.

ಆಗ ರಹಿಮಾಬಿ ಆ ಪತ್ರಿಕೆ ತಂದು ಚಿತ್ರದಲ್ಲಿದ್ದವನೊಬ್ಬನ ಮುಖದ ಮೇಲೆ ಬೆರಳಿಟ್ಟಳು. ಅವನ ಬಾಯಿ ಕಿವಿಯವರೆಗೆ ತೆರೆದಿತ್ತು, ಕೊರಳ ನರಗಳು ಉಬ್ಬಿದ್ದವು.

"ಇವನ ಬಾಯಿ ನೋಡ್ರಿ. ಹಿಂಗ ಒದರಾವನ ಹಾಡು ಇನ್ಹೆಂಗ ಇರತೈತಿ? ಕೆಟ್ಟದ್ದು ಮಶೀನ ಅಲ್ರಿ. ಅವರ ಹಾಡ ಹಂಗ ಐತಿ."

ನಾನು ಕೂತಲ್ಲೇ ಕೂತೆ. ಗಿಟಾರನ್ನು ಬೇಕೆಂದೇ ಹಾಗೆ ಗೊರಗುಟ್ಟಿಸುವ ಜನ ಲೋಕದಲ್ಲಿದ್ದಾರೆ! ಯಂತ್ರ ಮೊದಲಿನಿಂದಲೂ ಸರಿಯಿತ್ತು! ಜೀವ ಬಂದಂತಾಯಿತು. ಬಸ್ಸಿನ ಹೊತ್ತಾಗಿದ್ದರಿಂದ ಎಲ್ಲವನ್ನೂ ದಡಬಡ ಒಳಗೆ ತುರುಕಿ ಮುಚ್ಚಳ ಬಿಗಿದೆ. ಜಮಖಾನೆಯ ಮೇಲೆ ಯಂತ್ರದೊಳಗಿನ ಕಡಲೆಬೀಜದಷ್ಟು ದೊಡ್ಡ ಬಿಡಿಭಾಗ, ಕಂಡೆನ್ಸರ್ ಒಂದು ಉಳಿದಿತ್ತು. ಇದೇನೆಂದು ಅವಳು ಕೇಳಿದಳು. ಕಂಪನಿಯವರು ಒಂದು ಹೆಚ್ಚಿಗೆ ಕೊಟ್ಟಿರುತ್ತಾರೆ ಎಂದೆ. ಪರೀಕ್ಷೆಗೆಂದು ನೀಲಿ ಹಾಳೆಯನ್ನೇ ಮತ್ತೆ ಹಚ್ಚಿದೆ. ಗರ್‍ರ್ ಎಂದಿತು. ಗರ್ ಎನ್ನುವುದೇ ಹಾಡಾದ ಮೇಲೆ ಎಲ್ಲ ಸರಿಯಿದೆ ಎಂದೇ ಅರ್ಥವಲ್ಲವೇ? ಶಹನಾಯಿ ಹಚ್ಚಿ ನೋಡಿರೆಂದು ಅವಳು ಎರಡನೆಯ ಸಲ ಹೇಳುವಾಗ ನಾನು ಹಾರ್ನು ಹೊತ್ತು ಹೊಸ್ತಿಲು ದಾಟಿದ್ದೆ.

ಮಲಕಾಜಪ್ಪನ ಮನೆಯವರು ಅವಳನ್ನೂ ಕರೆದಿದ್ದರು, ಹಾಗಾಗಿ ಇಬ್ಬರೂ ಹೋದೆವು. ಮರುದಿನ ಮಾಳಿಗೆಯ ಮೇಲೆ ಹಾರ್ನು ಕಟ್ಟಿ, ಕೆಳಗೆ ಹಂದರದಲ್ಲಿ ಬ್ಯಾಟರಿಗೆ ತಂತಿ ಸಿಕ್ಕಿಸಿ, ಶುಭಕಾರ್ಯಕ್ಕೆ ಮೊದಲು ಶಹನಾಯಿ ಇರಲೆಂದು ಅದನ್ನೇ ಹಚ್ಚಿದೆ.

ಗರ್‍ರ್‍ರ್!

ಹಂದರದಲ್ಲಿದ್ದವರೆಲ್ಲ ಮಾಳಿಗೆಯತ್ತ ಕತ್ತೆತ್ತಿದರು. ಮಲಕಾಜಪ್ಪನ ತಾಯಿ ಹುಚ್ಚವ್ವ ಕೋಲೂರಿಕೊಂಡು ನನ್ನ ಹತ್ತಿರ ಬಂದಳು.

"ಸಮದಾ, ನಿನ್ನ ಗಾಣ ಒಣಗೇತಿ. ಒಂದೀಟ ಕುಸಬಿ ಎಣ್ಣಿ ಕೊಡ್ಲೇನು?"

ಅಷ್ಟು ಜನರೆದುರು ಯಂತ್ರ ಕೆಟ್ಟಿದೆ ಎಂದು ಯಾವ ಬಾಯಿಂದ ಹೇಳಲಿ? "ಯವ್ವಾ, ಇದು ರಶಿಯಾ ದೇಶದ ಹಾಡು. ಅಲ್ಲಿ ಹಿಂಗ ಹಾಡತಾರ," ಎಂದುಬಿಟ್ಟೆ.

ಸುದ್ದಿ ಹಂದರದ ತುಂಬ ಹಬ್ಬಿತು. ಪಡ್ಡೆ ಹುಡುಗರು ಕುಣಿಯತೊಡಗಿದರು. ಬಬಲೇಶ್ವರದಿಂದ ಬಂದ ಮದುಮಗಳ ಸೋದರಮಾವ ತುಕಾರಾಮ, ತನ್ನ ಮಗನ ಮದುವೆಗೂ ಇಂಥದ್ದೇ ಬೇಕೆಂದ. ಶಹನಾಯಿ ಮುಗಿದ ಮೇಲೆ ಭಜನೆ ಹಚ್ಚಿದೆ, ಅದೂ ರಶಿಯಾದ್ದೆಂದೆ. ಮಲಕಾಜಪ್ಪನಿಗೆ ಮಾತ್ರ ಅನುಮಾನ.

"ರಶಿಯಾದವ್ರಿಗೆ ನಮ್ಮ ಭಜನಿ ಧಾಟಿ ಹೆಂಗ ಬರತೈತ್ರಿ, ಸಮದಸಾಬ?"

"ಅವರಿಗೂ ನಮಗೂ ದೋಸ್ತಿ ಐತಲ್ರಿ," ಎಂದೆ.

ಹೆಂಗಸರ ಕಡೆಯಿಂದ ರಹಿಮಾಬಿ ನನ್ನನ್ನೇ ನೋಡುತ್ತಿದ್ದಳು. ನಾನು ಆ ಕಡೆ ತಿರುಗಲಿಲ್ಲ. ಯಾಕೆಂದರೆ ಹೊತ್ತು ಏರುತ್ತಿತ್ತು, ಮದುಮಕ್ಕಳ ಮೇಲೆ ಅಕ್ಷತೆ ಹಾಕುವ ಅಕ್ಕಿಕಾಳಿನ ಸಮಯ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಮೈಕಿನಲ್ಲಿ ಕೂಗಿದ ಮೇಲೆಯೇ ಹೊಲದಲ್ಲಿದ್ದವರು ಕೈ ತೊಳೆದುಕೊಂಡು ಅಕ್ಕಿಕಾಳಿಗೆ ಬರುವುದು. ಹಾಡನ್ನಾದರೆ ರಶಿಯಾದ್ದೆನ್ನಬಹುದು, ಕೂಗನ್ನು ಏನೆನ್ನಲಿ? ಒಂದು ತಂತಿ ಎಳೆದು ನೋಡಿದೆ, ಇನ್ನೊಂದು ಒತ್ತಿ ನೋಡಿದೆ. ಅಷ್ಟರಲ್ಲಿ ಊರಿನ ಅಯ್ಯನವರು ಮಂತ್ರ ಶುರು ಮಾಡಲು ತಾವೇ ಮೈಕು ಕೈಗೆತ್ತಿಕೊಂಡರು. ನಿಲ್ಲಿರಿ ಎನ್ನುವಷ್ಟರಲ್ಲಿ ಅವರ ಬಾಯಿಂದ ಹೊರಟ ಮೊದಲ ಅಕ್ಷರವೇ ಮಾಳಿಗೆಯ ಮೇಲೆ ಗರ್‍ರ್ ಎಂದಿತು.

ಹುಚ್ಚವ್ವ ಕೋಲು ನೆಲಕ್ಕೂರಿ ನನ್ನತ್ತ ತಿರುಗಿದಳು.

"ಅಲ್ಲೋ ಯಪ್ಪಾ, ನಮ್ಮ ಅಯ್ಯನವರು ಯಾವಾಗ ರಶಿಯಾಕ್ಕ ಹೋಗಿ ಬಂದ್ರು?"

ಮದುಮಗ ಬಾಸಿಂಗ ಕಳಚಿಬೀಳುವ ಹಾಗೆ ನಕ್ಕ. ಅಯ್ಯನವರೂ ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಮಲಕಾಜಪ್ಪ ನಗಲಿಲ್ಲ. ಜನ ಹೊಲದಲ್ಲಿದ್ದಾರೆ, ಮುಹೂರ್ತ ಮೀರುತ್ತದೆ, ಏನು ಮಾಡಲಿ ಎಂದು ಅವನು ಕೇಳಿದಾಗ ಅವನ ದನಿ ನಡುಗುತ್ತಿತ್ತು. ಅದನ್ನು ಕೇಳಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹೆಂಗಸರ ನಡುವಿನಿಂದ ರಹಿಮಾಬಿ ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿ, ಕಡಲೆಬೀಜದಷ್ಟಿದ್ದ ಆ ಕಂಡೆನ್ಸರನ್ನು ನನ್ನ ಅಂಗೈಯಲ್ಲಿಟ್ಟಳು.

"ಕಂಪನಿಯವ್ರು ಹೆಚ್ಚಿಗಿ ಕೊಟ್ಟದ್ದು. ಬೇಕಾದ್ರ ಹಚ್ಚಿ ನೋಡ್ರಿ."

ಸ್ವಿಚ್ ಆರಿಸಿ, ಮುಚ್ಚಳ ತೆಗೆದು, ಅದರ ಎರಡು ಕಾಲನ್ನು ಖಾಲಿ ಜಾಗಕ್ಕೆ ಹೊಸೆದೆ. ಮತ್ತೆ ಸ್ವಿಚ್ ಹಾಕಿದರೆ ದನಿ ತೊಳೆದ ಗಾಜಿನಂತೆ ಹೊರಟಿತು. "ಅಕ್ಕಿಕಾಳಿಗೆ ಎಲ್ಲಾರೂ ಬರ್‍ರಿ" ಎಂದು ಮೂರು ಸಲ ಕೂಗಿದೆ. ಹೊಲದ ಬದುವಿನ ಮೇಲೆ ಜನ ಸಾಲಾಗಿ ಬರುವುದು ಹಂದರದಿಂದಲೇ ಕಂಡಿತು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು.

ಊಟವಾದ ಮೇಲೆ ಬಬಲೇಶ್ವರದ ತುಕಾರಾಮ ಮುಂಗಡದ ವೀಳ್ಯ ಹಿಡಿದುಕೊಂಡು ನನ್ನ ಹತ್ತಿರ ಬಂದ. ಮಗನ ಮದುವೆಗೆ ನಾನೇ ಬರಬೇಕೆಂದ. ತಕ್ಕಡಿ ಕಣ್ಣಿಂದ ಮರೆಯಾಯಿತು. ನಾನು ಮತ್ತೆ ಎದೆ ಉಬ್ಬಿಸಿ, ರಶಿಯಾದ ಹಾಡೂ ತರಲೇ ಎಂದೆ. ಅವನು ವೀಳ್ಯವನ್ನು ನನ್ನ ಕೈಗಿಡದೆ, ನನ್ನನ್ನು ದಾಟಿ ಹೋಗಿ ರಹಿಮಾಬಿಯ ಕೈಗಿಟ್ಟ.

"ಹಾಡು ಯಾವ ದೇಶದ್ದರ ಇರ್ಲಿ, ಅಕ್ಕಾರ. ಪೆಟಗಿ ಬೀಗದ ಕೈ ಮಾತ್ರ ನಿಮ್ಮ ಕಡೆ ಇರ್ಲಿ."