ಜಗಲಿ ಮೇಲಿನ ಅಪ್ಪ

ತಾಜಬಾವಡಿ ಎಂಬ ಬಾವಿಯ ನೀರನ್ನೇ ದೊಡ್ಡ ನೀರೆಂದು ತಿಳಿದ ಬಿಜಾಪುರದ ಕಡೆ ಹುಟ್ಟಿ ಹಡಗಿನ ಇಂಜಿನಿಯರ್ ಆದವನಿಗೆ, ರಜೆಗೆ ಬಂದಾಗಲೆಲ್ಲ ಒಂದಲ್ಲ ಒಂದು ಫಜೀತಿ ಗಂಟು ಬೀಳುತ್ತಲೇ ಇರುತ್ತದೆ. ನಗುವವರು ನಗಲಿ. ಅರವತ್ತರ ದಶಕದ ಶುರುವಿನ ಒಂದು ರಜೆಗೆ ಮಾತ್ರ ನಾನು ಒಂದೇ ಆಸೆ ಇಟ್ಟುಕೊಂಡು ಬಂದಿದ್ದೆ. ನಾನು ಸಮುದ್ರದ ಮೇಲಿದ್ದಾಗ ಹುಟ್ಟಿ, ಆಗಲೇ ಮಾತು ಕಲಿತಿದ್ದ ಮಗಳ ಬಾಯಲ್ಲಿ ‘ಅಪ್ಪಾ’ ಅನ್ನಿಸಿಕೊಳ್ಳಬೇಕು.

ಬಾಗಿಲಲ್ಲಿ

ಟಾಂಗಾ ಇಳಿದು ಬಾಗಿಲಿಗೆ ಬಂದರೆ ಮಗಳು ಒಳಗೆ ಓಡಿದಳು. ಯಾರೋ ಮಾಮಾ ಬಂದಾರೆಂದು ತಾಯಿಗೆ ಹೇಳಿದಳು. ಮಾಮಾ ಅಲ್ಲ, ನಿಮ್ಮಪ್ಪ ಎಂದು ಹೆಂಡತಿ ನಕ್ಕಳು. ಹುಡುಗಿ ನಗಲಿಲ್ಲ.

“ಅಪ್ಪ ಜಗಲಿ ಮ್ಯಾಲ ಅದಾನ,” ಅಂದಳು.

ಇದ್ದೆ. ದೇವರ ಜಗಲಿಯ ಮೇಲೆ, ಬಸವಣ್ಣನ ಪಕ್ಕದಲ್ಲಿ, ಟೋಪಿ-ಯುನಿಫಾರ್ಮಿನಲ್ಲಿ ನಾನು. ಹಣೆಗೆ ವಿಭೂತಿ, ತಲೆಗೆ ಮಲ್ಲಿಗೆ. ಮಗಳಿಗೆ ತಂದೆಯ ಮುಖದ ಗುರುತು ಇರಲೆಂದು ಹೆಂಡತಿ ಇಟ್ಟ ಫೋಟೋ. ಜಳಕ ಮಾಡದೆ ಯಾರೂ ಜಗಲಿ ಮುಟ್ಟಕೂಡದು ಎಂದು ನಾನು ಹಡಗಿಗೆ ಹೋಗುವ ಮುಂಚೆ ಕಟ್ಟುನಿಟ್ಟು ಮಾಡಿದ್ದೆ. ಈ ಭೂಮಿಯ ಮೇಲೆ ನನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರು ಯಾರಾದರೂ ಇದ್ದರೆ ಆ ತಾಯಿ-ಮಗಳು.

ಮುಂಬಯಿಯಿಂದ ತಂದ ಪೇಢೆ ಬಿಚ್ಚಿ ಒಂದನ್ನು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಮಗಳು ನನ್ನ ಕೈ ಹಿಡಿದಳು.

“ನಿಮಗ ಆಮ್ಯಾಲ ಮಾಮಾ. ಮದ್ಲ ಅಪ್ಪಗ.”

ಜೈನಾಪುರದ ಬಾವಿ

ಜೊತೆಗೆ ತಿರುಗಾಡಿದರೆ ಒಲಿದಾಳು ಎಂದು ಮಗಳನ್ನು ನಮ್ಮೂರು ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ. ಅವತ್ತು ಸಂತೆ. ನಮ್ಮ ಕಾಕಾ ಸಂತೆ ತುಂಬ, ನಮ್ಮ ಹುಡುಗ ನೀರಿನ ಇಂಜಿನಿಯರ್ ಎಂದು ಸಾರಿಬಿಟ್ಟಿದ್ದರು. ಜೈನಾಪುರದ ರೈತರೊಬ್ಬರು ಬಂಡಿ ಹೂಡಿ ನಿಂತರು. ಬಾವಿಗೆ ಹೊಸ ಆಯಿಲ್ ಇಂಜಿನ್ ಕೂಡಿಸಿದ್ದರಂತೆ, ನೀರು ಬರುತ್ತಿಲ್ಲವಂತೆ.

ಅಪ್ಪನ ಕೆಲಸ ಕಣ್ಣಾರೆ ನೋಡಲಿ ಎಂದು ಮಗಳನ್ನೂ ಕರೆದೊಯ್ದೆ. ಬಾವಿಯ ಹತ್ತಿರ ಅವಳನ್ನು ಬಂಡಿಯಲ್ಲೇ ಕೂಡಿಸಿ, ಕೋಟು ಬಿಚ್ಚಿಟ್ಟು ಇಂಜಿನ್ ಪೂರ್ತಿ ಕಳಚಿದೆ. ಒರೆಸಿದೆ, ಕೂಡಿಸಿದೆ. ಹಡಗಿನಲ್ಲೂ ಇಷ್ಟು ಚೊಕ್ಕ ಓಡಿದ ಇಂಜಿನ್ ಕಂಡಿರಲಿಲ್ಲ. ಕೊಳವೆಯಿಂದ ಕೆಸರು ಕೆಮ್ಮಿತು, ನಿಂತಿತು. ಬಾವಿಯಲ್ಲಿ ನೀರೇ ಇರಲಿಲ್ಲ. ಇಂಜಿನ್ ನೀರನ್ನು ಎತ್ತುತ್ತದೆ, ಹುಟ್ಟಿಸುವುದಿಲ್ಲ ಎಂದು ತಿಳಿಸಿ ಹೇಳಿದೆ. ರೈತರು ಮೀಸೆ ತೀಡಿದರು.

“ಅಷ್ಟ್ ನೀರಿನ ಮ್ಯಾಲ ಕುಂತ ಪಗಾರ ತಗೋತೀರಿ. ಒಂದ್ ಬಾವಿಗೆ ಕೊಡಾಕ ಆಗ್ಲಿಲ್ಲೇನ್ರಿ?”

ಎಣ್ಣೆಯ ಕೈಯಲ್ಲಿ ಬಂಡಿ ಹತ್ತಿದೆ. ನನ್ನ ಮೋರೆ ನೋಡಿ ಮಗಳಿಗೆ ಕನಿಕರ ಬಂತು.

“ಇರ್ಲಿ ಬಿಡ್ರಿ ಮಾಮಾ. ಮನಿಗೆ ಹೋಗಿ ನಮ್ಮಪ್ಪಗ ಕೈ ಮುಗೀತೀನಿ. ಮಳಿ ಕೊಡ್ತಾನ.”

ತಿಕೋಟಾದ ತಾಟು

ಹಡಗಿನಲ್ಲಿ ನಾನು ಅನ್ನ, ಮೊಸರು, ಬೇಯಿಸಿದ ಆಲೂಗಡ್ಡೆಯ ಮೇಲೆ ದಿನ ತೆಗೆದವನು. ಬಿರುಗಾಳಿಯಲ್ಲಿ ಮಂಚಕ್ಕೆ ಬೆನ್ನು ಒತ್ತಿಕೊಂಡು ಕೂತು ಲಿಂಗಪೂಜೆ ಮಾಡಿದ್ದೇನೆ. ಇಂಜಿನ್ ಕೋಣೆಯ ಕಾವಿಗೆ ಎದೆ ಬೆಂದರೂ ಕೊರಳಿನ ಲಿಂಗ ತೆಗೆದಿಲ್ಲ. ತಿಕೋಟಾದಲ್ಲಿ ಹೆಂಡತಿಯ ಅಣ್ಣನ ಮನೆಗೆ ಊಟಕ್ಕೆ ಹೋದರೆ ನನ್ನ ತಾಟನ್ನು ಪಂಕ್ತಿಯಿಂದ ದೂರ ಇಟ್ಟಿದ್ದರು. ಹಡಗಿನ ಮಂದಿ ಏನೇನು ತಿಂದಿರುತ್ತಾರೋ ಎಂದು ಅವರ ಸಂಶಯ. ಅವರ ಲಿಂಗ ಮಾತ್ರ ಅಂಗಿಯ ಜೊತೆ ಗೂಟಕ್ಕೆ ತೂಗುತ್ತಿತ್ತು. ಉಳುಮೆ ಮಾಡುವಾಗ ಎದೆಗೆ ಬಡಿಯುತ್ತದಂತೆ.

ನಾನು ಸುಮ್ಮನಿರುವ ಆಸಾಮಿಯಲ್ಲ. ಮೊದಲು ಅದನ್ನು ಗೂಟದಿಂದ ಇಳಿಸಿ, ಆಮೇಲೆ ನನ್ನ ತಾಟು ಸರಿಸಿ ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ನಮ್ಮದು ಗೂಟಕ್ಕಿದ್ರೂ ಮನ್ಯಾಗೈತಿ. ನಿಮ್ಮದು ಎಲ್ಲೆಲ್ಲಿ ತಿರುಗಿ ಬಂದೈತೋ.”

ಮಗಳು ಮಾವನ ಪಂಕ್ತಿಯಲ್ಲೇ ಕೂತಳು.

ಟ್ರಂಕು

ಬಿಜಾಪುರಕ್ಕೆ ಮರಳಿದವನೇ ಜಳಕ ಮಾಡಿ ಫೋಟೋ ಇಳಿಸಿದೆ. ಬದುಕಿರುವ ಮನುಷ್ಯ ದೇವರ ಸಾಲಿನಲ್ಲಿ ಕೂಡುವುದು ಧರ್ಮವಲ್ಲ ಎಂದು ಹೆಂಡತಿಗೆ ಹೇಳಿ ಟ್ರಂಕಿನಲ್ಲಿಟ್ಟೆ. ಅಪ್ಪನನ್ನು ಮಾಮಾ ಪೆಟಿಗ್ಯಾಗ ಹಾಕಿದನೆಂದು ಮಗಳು ಓಣಿಗೇ ಕೇಳುವಂತೆ ಅತ್ತಳು. ಪಕ್ಕದ ಮನೆಯ ಮುದುಕಿ ಬಂದಳು. ಅವಳು ಅಲ್ಲಿಗೆ ಹೊಸಬಳು, ನನ್ನ ಗುರುತಿಲ್ಲ. ನಾನು ಯಾರೋ ಬೀಗರವನೆಂದು ತಿಳಿದು ಬುದ್ಧಿ ಹೇಳಿದಳು.

“ತಂದಿ ದೂರಿದ್ದ ಕೂಸನ್ನ ಹಿಂಗ ಅಳಸಬಾರದಪ್ಪಾ. ನಾಳೆ ಆ ಪುಣ್ಯಾತ್ಮ ಬಂದ್ರ ಏನ್ ಹೇಳ್ತಿ?”

ಆ ಪುಣ್ಯಾತ್ಮನನ್ನು ಟ್ರಂಕಿನಿಂದ ತೆಗೆದು, ಒರೆಸಿ, ಮತ್ತೆ ಬಸವಣ್ಣನ ಪಕ್ಕಕ್ಕೆ ಕೂಡಿಸಿದೆ.

ಹೊರಡುವ ಮುಂಜಾನೆ

ಹಡಗು ಬಿಟ್ಟು ಹೊರಗೆ ಯುನಿಫಾರ್ಮ್ ತೊಡುವುದು ಶಿಸ್ತಲ್ಲ. ತೊಟ್ಟವರಿಗೆ ನಾನೇ ಬೈದಿದ್ದುಂಟು. ಅವತ್ತು ತೊಟ್ಟೆ. ಫೋಟೋದಲ್ಲಿದ್ದಂತೆಯೇ ಟೋಪಿ ಓರೆ ಮಾಡಿ, ಹಣೆಗೆ ವಿಭೂತಿ ಧರಿಸಿ ಪಡಸಾಲೆಯಲ್ಲಿ ನಿಂತೆ.

ಮಗಳು ಹಾಸಿಗೆಯಿಂದ ಕಣ್ಣುಜ್ಜುತ್ತ ಬಂದಳು. ನನ್ನನ್ನು ನೋಡಿದಳು, ಜಗಲಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

“ಅಪ್ಪಾ,” ಅಂದಳು.

ನಾನು ಮೊಣಕಾಲೂರಿ ಎರಡೂ ಕೈ ಚಾಚಿದೆ. ಅವಳು ಹಿಂದಕ್ಕೆ ಸರಿದು ಕೈ ಮುಗಿದಳು.

“ಮುಟ್ಟಾಂಗಿಲ್ಲ. ನಂದಿನ್ನ ಜಳಕ ಆಗಿಲ್ಲ.”

ಅಡ್ಡಿಯಿಲ್ಲ, ಬಾ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಹಂಗ ಮಾಡಿದ್ರ ಅಪ್ಪ ಸಿಟ್ಟಾಗ್ತಾನ ಎಂದು ಅವ್ವ ಹೇಳಿದ್ದಾಳಂತೆ.

“ನೀ ಇಲ್ಲೇ ಇರು. ಜಳಕ ಮಾಡಿ ಬರ್ತೀನಿ,” ಎಂದು ಬಚ್ಚಲಿಗೆ ಓಡಿದಳು.

ಹೊರಗೆ ಟಾಂಗಾದವನು ರೈಲು ತಪ್ಪುತ್ತದೆಂದು ಕೂಗಿದ. ನಾನು ಬದುಕಿನಲ್ಲಿ ಯಾವ ಗಾಡಿಗೂ ತಡವಾಗಿ ಹೋದವನಲ್ಲ. ಹೆಂಡತಿ ಮಗಳಿಗೆ ನೀರು ಹಾಕಲು ಒಳಗೆ ನಡೆದಳು. ಬಚ್ಚಲಿನಲ್ಲಿ ತಂಬಿಗೆಯ ಸದ್ದು ಕೇಳುತ್ತಿದ್ದಂತೆಯೇ ಟಾಂಗಾ ಹತ್ತಿದೆ.

ಸರಿಯಾದ ಹೊತ್ತಿಗೆ ಸ್ಟೇಶನ್ ಮುಟ್ಟಿದೆ. ಗಾಡಿ ಬಂದಿರಲಿಲ್ಲ. ಬಿಸಿಲೇರಿದರೂ ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ಅಂಥ ಹತ್ತು ಮಕ್ಕಳ ಜಳಕ ಆಗಿ ತಲೆಯೂ ಒಣಗುತ್ತಿತ್ತು. ಯುನಿಫಾರ್ಮ್ ತೊಟ್ಟು ಪ್ಲಾಟ್‌ಫಾರ್ಮಿನ ಮೇಲೆ ಒಬ್ಬನೇ ಕೂತಿದ್ದ ನನ್ನನ್ನು ರೈಲಿನ ಸಾಹೇಬನೆಂದು ತಿಳಿದು ಮುದುಕನೊಬ್ಬ ಬಂದು ಕೈ ಮುಗಿದ.

“ಗಾಡಿ ಯಾವಾಗ ಬರ್ತೈತ್ರಿ ಯಪ್ಪಾ?”

ಜಗಲಿ ಮೇಲಿನ ದೇವರಿಗೂ ಗೊತ್ತಿಲ್ಲ ಅಂದೆ. ನಾನು ಸುಳ್ಳು ಹೇಳುವವನಲ್ಲ.