ಕೆರೆಗೆ ಜ್ವರ ನೋಡುವ ಮಾವ

ನನ್ನ ಸೋದರಮಾವನಿಗೆ ಮನುಷ್ಯರ ಜ್ವರ ಕಾಣುವುದಿಲ್ಲ, ಕೆರೆಯ ಜ್ವರ ಮಾತ್ರ ಕಾಣುತ್ತದೆ! ನಂಬುವುದಿಲ್ಲವೇ? ಕಳೆದ ಮಳೆಗಾಲದಲ್ಲಿ ನಾನು ಜ್ವರದಿಂದ ಗಡಗಡ ನಡುಗುತ್ತಾ ಥರ್ಮಾಮೀಟರ್ ಹುಡುಕಿದರೆ ಅದು ನಮ್ಮ ಫ್ಲ್ಯಾಟಿನ ಹಿಂದಿನ ಕೆರೆಯಲ್ಲಿತ್ತು.

"ಮಾವ, ಅದು ಮನುಷ್ಯರದ್ದು! ನೀರಲ್ಲಿಟ್ಟರೆ ಏರುವುದೇ ಇಲ್ಲ!"

"ಏರದಿದ್ದರೆ ಒಳ್ಳೆಯದೇ ಅಲ್ವಾ? ಕೆರೆಗೆ ಜ್ವರ ಇಲ್ಲ ಅಂತ ಆಯ್ತು."

ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಯಾಕೆ? ಕೆರೆ ನೀರಿನ ಬಿಸಿ ಹುಳಗಳಿಗೆ ಹಿಡಿಸುತ್ತದೋ ಎಂದು ನೋಡಲು! ಕೆರೆ ತುಂಬ ಅಂತರಗಂಗೆ ಕಳೆ ಹಬ್ಬಿತ್ತು. ಅದನ್ನು ತಿನ್ನುವ ಮೂತಿಹುಳಗಳನ್ನು ಇವರು ಬಜಪೆಯ ಯಾರದೋ ಹೊಂಡದಿಂದ ಟಿಫಿನ್ ಡಬ್ಬಿಯಲ್ಲಿ ಸಿಟಿ ಬಸ್ಸಿನಲ್ಲಿ ತಂದರು. "ಡಬ್ಬಿಯಲ್ಲಿ ಎಂತ ಉಂಟು?" ಎಂದ ಕಂಡಕ್ಟರಿಗೆ "ಕೆಲಸದವರು" ಎಂದರಂತೆ!

ಕೆಲಸದವರು ಮಾತ್ರ ಸಾಲುಸಾಲಾಗಿ ಸತ್ತರು. ಅಂತರಗಂಗೆ ಇನ್ನೂ ಕೊಬ್ಬಿತು. ಮಾವ ನಮ್ಮ ಅಸೋಸಿಯೇಷನ್ ಮೀಟಿಂಗಿಗೆ ನುಗ್ಗಿ, ಸತ್ತ ಹುಳಗಳ ಡಬ್ಬಿಯನ್ನು ಮೇಜಿಗೆ ಕುಕ್ಕಿದರು. ಸೆಕ್ರೆಟರಿ ನಾನು!

"ಈ ಹುಳದ ಮರಿ ಗೂಡು ಕಟ್ಟುವುದು ನೀರಿನೊಳಗೆ, ಬೇರಿನಲ್ಲಿ. ನಿಮ್ಮ ಸೋಪು ನೀರಲ್ಲಿ ಅದು ಹೇಗೆ ಬದುಕ್ತದೆ? ಕಳೆಗೆ ಮಾತ್ರ ಅದೇ ಗೊಬ್ಬರ! ನಾಚಿಕೆ ಇಲ್ಲವಾ ಮಾರಾಯ ನಿನಗೆ?"

ಎಲ್ಲರೂ ನಕ್ಕರು. ನನಗೆ ತಲೆ ಕೆಟ್ಟಿತು. "ನಮ್ಮ ನೀರು ಡ್ರೈನೇಜಿಗೆ ಹೋಗ್ತದೆ. ನಿಮ್ಮ ತಲೆ ಸರಿ ಉಂಟಾ ಮಾವ?" ಎಂದು ಕೂಗಿಬಿಟ್ಟೆ. ಅವರು ಡಬ್ಬಿ ಬಿಟ್ಟು ಎದ್ದು ಹೋದರು.

ಅವರ ಬಾಯಿ ಮುಚ್ಚಿಸಲೆಂದೇ ಮರುದಿನ ಪ್ಲಂಬರನ್ನು ಕರೆಸಿ ಡ್ರೈನೇಜ್ ಚೇಂಬರಿನ ಮುಚ್ಚಳ ತೆಗೆಸಿದೆ. ನೋಡಿದರೆ, ಇಡೀ ಕಟ್ಟಡದ ಬಟ್ಟೆ ಒಗೆದ ನೀರು ಬೆಳ್ಳಗೆ ನೊರೆಯೆಬ್ಬಿಸುತ್ತಾ ಮಳೆನೀರಿನ ಚರಂಡಿಗೆ, ಅಲ್ಲಿಂದ ನೇರ ಕೆರೆಗೆ! "ಹೋದ ವರ್ಷ ಬ್ಲಾಕ್ ಆದಾಗ ಹೀಗೆ ತಿರುಗಿಸಿದ್ದು ಸರ್. ಕಾಗದಕ್ಕೆ ನೀವೇ ಸೈನ್ ಹಾಕಿದ್ದಲ್ವಾ?" ಎಂದ ಪ್ಲಂಬರ್.

ಹಾಕಿದ್ದೆ. ಓದದೆ ಹಾಕಿದ್ದೆ! ಈಗ ಯಾರ ಮೇಲೆ ಕೂಗಾಡಲಿ, ಹೇಳಿ?

ಅಂದೇ ಪೈಪು ಸರಿಮಾಡಿಸಿ ಮಾವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. ಒಳಗೆ ಹೋಗಿ, ಜೋಡಿಸಿ ಕಟ್ಟಿದ ಎರಡು ಒಣ ತೆಂಗಿನಕಾಯಿ ತಂದರು. ನಾನು ಚಿಕ್ಕವನಿದ್ದಾಗ ಇಂಥದ್ದನ್ನೇ ನನ್ನ ಬೆನ್ನಿಗೆ ಕಟ್ಟಿ ಅದೇ ಕೆರೆಯಲ್ಲಿ ಈಜು ಕಲಿಸಿದವರು ಅವರು.

"ನಿನ್ನ ಮಗಳಿಗೆ ಅಂತ ಕಟ್ಟಿಟ್ಟದ್ದು. ಇನ್ನು ಹುಳ ತಂದು ಮೊದಲಿಂದ ಶುರು ಮಾಡ್ಬೇಕು. ನನ್ನ ಕೈಕಾಲು ಗಟ್ಟಿ ಇರುವಾಗಲೇ ಕೆರೆ ಸರಿಯಾದೀತಾ ಮಾರಾಯ?"

ಅವರು ಮೀಟಿಂಗಿನಲ್ಲಿ ಬಿಟ್ಟುಹೋದ ಡಬ್ಬಿಯನ್ನು ತೊಳೆದು ತಂದಿದ್ದೆ. ಅವರ ಕೈಗೆ ಕೊಡಲಿಲ್ಲ.

"ನಾಳೆ ಬಜಪೆಗೆ ನಾನೂ ಬರ್ತೇನೆ ಮಾವ" ಎಂದೆ.