ಯುರೋಪಿನ ಒಂದು ಖರ್ಜೂರ, ವಾಡಿಯ ಒಂದು ಪೆನಾಲ್ಟಿ

ವಾಡಿ, ೯ ಮಾರ್ಚ್ ೨೦೨೬. ನಿನ್ನೆ, ರಮಜಾನ್ ತಿಂಗಳ ಭಾನುವಾರ ಸಂಜೆ, ವಾಡಿ ಮತ್ತು ಶಹಾಬಾದ ತಂಡಗಳ ಫುಟ್‌ಬಾಲ್ ಫೈನಲ್ ಕೊನೆಯ ನಿಮಿಷದ ಪೆನಾಲ್ಟಿಗೆ ಮುಂಚೆ ನಿಂತಿತು. ಇನ್ನೂ ನಿಂತೇ ಇದೆ.

ಯುರೋಪಿನಲ್ಲಿ ಸೂರ್ಯ ಮುಳುಗಿದೊಡನೆ ಸೀಟಿ ಊದಿ ಆಟ ನಿಲ್ಲಿಸಿದ ರೆಫರಿ ಮಹಾಶಯರಿಗೆ,

ಮಾನ್ಯರೇ,

ತಮ್ಮ ಸೀಟಿಗೂ ಅದನ್ನು ಹಿಡಿದ ಕೈಗೂ ವಾಡಿ ತಂಡದ ಕಾರ್ಯದರ್ಶಿಯ ವಂದನೆಗಳು. ರೋಜಾ ಉಪವಾಸವಿದ್ದ ತಮ್ಮ ಆಟಗಾರರು ಗೆರೆಯ ಬಳಿ ಹೋಗಿ, ತಲೆಗೊಂದು ಖರ್ಜೂರ ತಿಂದು, ಎರಡು ಗುಟುಕು ನೀರು ಕುಡಿದು, ಮರುಕ್ಷಣವೇ ಏನೂ ನಡೆಯದವರಂತೆ ಎದುರಾಳಿಗಳ ಮೊಣಕಾಲಿಗೆ ನುಗ್ಗಿದ್ದನ್ನು ನಾವೆಲ್ಲ ಒಂದೇ ಮೊಬೈಲಿನಲ್ಲಿ ನೋಡಿ ಧನ್ಯರಾದೆವು. ನಮ್ಮ ರೆಫರಿ ಭೀಮಶ್ಯಾ ಅವರಂತೂ, "ನಾವೇನ್ ಕಡಿಮಿ ಇದ್ದೀವೇನ್ರಿ? ನಮ್ಮಲ್ಲೂ ನಿಲ್ಲಸೂಣು" ಎಂದುಬಿಟ್ಟರು.

ನಿನ್ನೆ ನಿಲ್ಲಿಸಿದರು. ಎರಡೂ ತಂಡಗಳು ಸಮ, ಕೊನೆಯ ನಿಮಿಷ, ಪೆನಾಲ್ಟಿ ನಮ್ಮದು. ಗೋಲಾಗಿದ್ದರೆ ಹಲವು ವರ್ಷಗಳಿಂದ ಶಹಾಬಾದದಲ್ಲಿ ಬೇರೂರಿರುವ ಗೆಲುವಿನ ಕಪ್ಪು ವಾಡಿಗೆ ಬರುತ್ತಿತ್ತು. ನಮ್ಮ ಮುಕ್ರಮ ಚೆಂಡಿಟ್ಟು ಹಿಂದೆ ಸರಿಯುವಷ್ಟರಲ್ಲಿ ಆಜಾನ್ ಕೇಳಿಸಿತು, ಸೀಟಿ ಮೊಳಗಿತು. ಇಲ್ಲಿಯವರೆಗೆ ಎಲ್ಲವೂ ಯುರೋಪೇ.

ಆದರೆ ಮಾನ್ಯರೇ, ಒಂದೇ ಖರ್ಜೂರವನ್ನು ಒಬ್ಬನೇ ತಿನ್ನುವ ವಿದ್ಯೆ ನಮ್ಮ ಕಡೆ ಬಂದಿಲ್ಲ. ಶಹಾಬಾದದ ಗೋಲ್‌ಕೀಪರ್ ಫೈಜಾನನ ತಾಯಿ ದೊಡ್ಡ ಪರಾತದ ತುಂಬ ತಿಂಡಿ ಕಳಿಸಿದ್ದರು. ಭೀಮಶ್ಯಾ ಅವರ ಮನೆಯವರಾದ ಭೀಮಬಾಯಿ ಬುಟ್ಟಿ ಮಿರ್ಚಿ ಭಜಿ ತಂದರು. ಮುಕ್ರಮನೂ ಫೈಜಾನನೂ ಚೆಂಡನ್ನು ಪಕ್ಕಕ್ಕೆ ಸರಿಸಿ, ಪೆನಾಲ್ಟಿ ಗುರುತಿನ ಮೇಲೆಯೇ ಒಂದು ತಾಟಿಗೆ ಕೂತರು. ರೋಜಾ ಇಲ್ಲದವರು ಮರ್ಯಾದೆಗೆಂದು ಕೂತು ರೋಜಾ ಇದ್ದವರಿಗಿಂತ ಹೆಚ್ಚು ತಿಂದರು. ರೆಫರಿಯವರ ಎಣ್ಣೆಗೈಯಿಂದ ಸೀಟಿ ಎರಡು ಬಾರಿ ಜಾರಿತು.

ಕಡೆಗೂ ಅವರು ಅದನ್ನು ಊದಿದಾಗ ಮುಕ್ರಮ ತಲೆತಗ್ಗಿಸಿ, "ಈಗಷ್ಟೇ ಒಂದ್ ತಾಟಿನ್ಯಾಗ ಉಂಡೀವಿ ಅಣ್ಣಾರ, ಅವನಿಗಿ ಹ್ಯಾಂಗ ಗೋಲ್ ಹೊಡೀಲಿ?" ಎಂದ. ಫೈಜಾನ್ ಗೋಲು ಬಿಟ್ಟು ಬದಿಗೆ ನಿಂತು, ತಾನು ತಡೆಯುವುದಿಲ್ಲ, ಹೊಡಿ ಎಂದು ಒತ್ತಾಯ ಮಾಡಿದ್ದು ಸಂಕೋಚವನ್ನು ಇಮ್ಮಡಿಸಿತು. ಅನುವಾದಿತ ಕಾದಂಬರಿಗಳಲ್ಲಿ ಇಬ್ಬರು ಗೆಳೆಯರು ರಾತ್ರಿ ಒಟ್ಟಿಗೆ ಉಂಡು ಬೆಳಿಗ್ಗೆ ಪಿಸ್ತೂಲು ಹಿಡಿದು ಎದುರುಬದುರು ನಿಲ್ಲುವುದನ್ನು ನಾನು ಉದಾಹರಿಸಿದೆ. ಮುಕ್ರಮ ಯೋಚಿಸಿ ಹೇಳಿದ: "ಅವ್ರು ಬ್ಯಾರೆ ಬ್ಯಾರೆ ತಾಟಿನ್ಯಾಗ ಉಂಡಿರಬೇಕ್ರಿ."

ಉಳಿದವರನ್ನು ಕೇಳಿದೆ. ಶಹಾಬಾದದ ಪರಾತಕ್ಕೆ ಕೈ ಹಾಕದ ಕಾಲು ನಮ್ಮ ತಂಡದಲ್ಲಿ ಒಂದೂ ಇರಲಿಲ್ಲ. ಬರುವ ಭಾನುವಾರದೊಳಗೆ ಪೆನಾಲ್ಟಿ ಮುಗಿಯದಿದ್ದರೆ ಕಪ್ಪು ಇದ್ದಲ್ಲೇ ಇರುತ್ತದೆಂದು ಸಮಿತಿ ತೀರ್ಮಾನಿಸಿದೆ.

ಆದ್ದರಿಂದ ವಿನಂತಿ: ಉಂಡ ಮೇಲೂ ಎದುರಾಳಿಯನ್ನು ಎದುರಾಳಿಯೆಂದೇ ಗುರುತಿಸಬಲ್ಲ ತಮ್ಮ ಆಟಗಾರರೊಬ್ಬರನ್ನು ತರಬೇತಿಗಾಗಿ ವಾಡಿಗೆ ಕಳಿಸಿಕೊಡಬೇಕು. ಸಾಧ್ಯವಾಗದಿದ್ದರೆ ಭಾನುವಾರ ನಮ್ಮ ಕಡೆಯ ಸೂರ್ಯನನ್ನಾದರೂ ಹತ್ತು ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಎರಡೂ ಆಗದಿದ್ದರೆಂದು ನಾನೊಂದು ನಿರ್ಧಾರ ಮಾಡಿದ್ದೇನೆ. ನಿನ್ನೆ ಚೆಂಡು ಕಾಯುತ್ತ ನಿಂತಿದ್ದರಿಂದ ನಾನೊಬ್ಬನೇ ಏನೂ ತಿಂದಿಲ್ಲ. ಸಂಖ್ಯೆ ತುಂಬಲೆಂದು ನನ್ನ ಹೆಸರೂ ಬದಲಿ ಆಟಗಾರರಲ್ಲಿದೆ. ಈವರೆಗೆ ಚೆಂಡು ಒದ್ದವನಲ್ಲ. ಪೆನಾಲ್ಟಿ ನಾನೇ ಒದೆಯುತ್ತೇನೆ.

ತಮ್ಮ ಸೀಟಿಯಿಂದ ಈ ಗತಿಗೆ ಬಂದ ವಿಶ್ವಾಸಿ,
ಸಿದ್ಧಲಿಂಗ

ಮರೆತ ಮಾತು: ನಾನು ಉಪವಾಸ ಮರಳಿದೆನೆಂದು ಫೈಜಾನನ ತಾಯಿ ನೊಂದುಕೊಂಡು ಈಗಷ್ಟೇ ಬಸ್ಸಿನ ಕಂಡಕ್ಟರರ ಕೈಯಲ್ಲಿ ಡಬ್ಬಿ ಕಳಿಸಿದ್ದಾರೆ. ಮುಚ್ಚಳ ತೆಗೆದಿಲ್ಲ. ತಮ್ಮ ನಿಯಮ ಪುಸ್ತಕ ಇದಕ್ಕೇನು ಹೇಳುತ್ತದೆ? ದಯವಿಟ್ಟು ಬೇಗ ತಿಳಿಸಿ; ಡಬ್ಬಿ ಇನ್ನೂ ಬೆಚ್ಚಗಿದೆ.